ಹೆಸರು ಬರೆಯದ ಎರವಲು

ಹಾಗಲವಾಡಿ ದಿಕ್ಕಿನಲ್ಲಿ ಒಂದು ಊರಂತೆ, ಆ ಊರಿಗೊಂದು ಪುಸ್ತಕದ ಮನೆಯಂತೆ. ಅದರ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವಳು ಊರಿನ ಹೆಣ್ಣುಮಕ್ಕಳಿಗೆ ಮಾತು ಕೊಟ್ಟಿದ್ದಳಂತೆ: ನಿಮ್ಮ ಹೆಸರು ಎಲ್ಲೂ ಬರೆಯಲ್ಲ, ನೀವು ಓದೋ ಪುಸ್ತಕ ಎಲ್ಲೂ ಹೋಗಲ್ಲ. ಕಥೆಗಳಲ್ಲಾದರೆ ಇಂಥ ಮಾತಿಗೆ ಅಡ್ಡ ಬರಲು ಏಳು ಸಮುದ್ರದಾಚೆಯಿಂದ ರಾಕ್ಷಸ ಹೊರಡುತ್ತಾನೆ. ಪಂಚಾಯ್ತಿ ಗ್ರಂಥಾಲಯದ ಕರಿಬಸಮ್ಮನಿಗೆ ಅಡ್ಡ ಬಂದದ್ದು ತುಮಕೂರಿನ ತರಬೇತಿ ಹಾಲ್‌ನಲ್ಲಿ, ಟೀ ಆದ ಮೇಲೆ, ಕಂಪ್ಯೂಟರ್ ಪರದೆಯ ಮೇಲಿನ ಒಂದು ಕೆಂಪು ಪಟ್ಟಿ.

‘ಐದು ವರ್ಷದಲ್ಲಿ ಒಮ್ಮೆಯೂ ಹೊರಗೆ ಹೋಗದ ಪುಸ್ತಕಗಳು: ಮೂವತ್ತೊಂದು. ಶಿಫಾರಸು: ರದ್ದಿಗೆ.’

ಬೆಳಿಗ್ಗೆ ಅವಳೇ ಮೊಬೈಲಿನಲ್ಲಿ ಫೋಟೊ ಹಿಡಿದು ಕೊಟ್ಟಿದ್ದ ಪುಸ್ತಕಗಳ ಪಟ್ಟಿಯನ್ನೂ ಎರವಲು ರಿಜಿಸ್ಟರನ್ನೂ ಎಐ ಒಂದೇ ಗುಟುಕಿಗೆ ಕುಡಿದು ಹೀಗೆ ತೇಗಿತ್ತು. ತರಬೇತಿ ಕೊಡಲು ಬಂದಿದ್ದ ರವೀಶ್ ಖುಷಿಯಿಂದ ಚಪ್ಪಾಳೆ ತಟ್ಟಿದ. “ನೋಡಿ, ನೀವು ತಿಂಗಳು ಕೂತು ಮಾಡೋ ಕೆಲಸ. ಐದು ಗಂಟೆಗೆ ಪಟ್ಟಿ ತಾನಾಗೇ ಮೇಲಿನ ಆಫೀಸಿಗೆ ಹೋಗುತ್ತೆ. ನಾಳಿದ್ದು ಗಾಡಿ ಬಂದು ಪುಸ್ತಕ ತುಂಬ್ಕೊಂಡು ಹೋಗುತ್ತೆ.”

ಗಡಿಯಾರದಲ್ಲಿ ನಾಲ್ಕು ಇಪ್ಪತ್ತು. ಆ ಮೂವತ್ತೊಂದರಲ್ಲಿ ಏಳು ಪುಸ್ತಕ ಗ್ರಂಥಾಲಯದಲ್ಲೇ ಇರಲಿಲ್ಲ. ಯಾರ್ಯಾರದೋ ಅಡುಗೆಮನೆಯಲ್ಲಿ, ರಾಗಿಹಿಟ್ಟಿನ ಡಬ್ಬದ ಹಿಂದೆ ಇದ್ದವು. ಉಳಿದವು ಹಾಗೇ ಗುಟ್ಟಾಗಿ ಹೋಗಿ ಬಂದವು.

“ಸಾರ್, ಇವು ಬಾಳ ಓದಿಸ್ಕೊಂಡಿರೋ ಪುಸ್ತಕ. ರದ್ದಿಗೆ ಹಾಕಂಗಿಲ್ಲ.”

“ರಿಜಿಸ್ಟರಲ್ಲಿ ಒಂದು ಎಂಟ್ರೀನೂ ಇಲ್ವಲ್ಲ ಮೇಡಂ?”

“ನಾನು ಬರೀಲಿಲ್ಲ.”

ರವೀಶ್ ಅವಳ ಕುರ್ಚಿಯ ಹತ್ತಿರ ಬಂದು ದನಿ ತಗ್ಗಿಸಿದ. “ಬರೀದೇ ಕೊಟ್ಟೆ ಅಂತ ಇಷ್ಟು ಜನರ ಮುಂದೆ ಹೇಳ್ಬೇಡಿ. ಮೆಮೊ ಬರುತ್ತೆ. ಇವತ್ತು ಯಾರ ಹೆಸರಲ್ಲಾದ್ರೂ ಎರವಲು ಹಾಕಿದ್ರೆ ಆ ಪುಸ್ತಕ ಪಟ್ಟಿಯಿಂದ ಬಿಟ್ಟುಹೋಗುತ್ತೆ. ಯಾರಿಗೆ ಕೊಟ್ಟಿದ್ರಿ, ಹೇಳಿ.”

“ಒಂದ್ಸಲ ಒಬ್ಬಳ ಹೆಸರು ಬರ್ದಿದ್ದೆ ಸಾರ್. ಅವಳ ಗಂಡ ಬಂದು ರಿಜಿಸ್ಟರ್ ತಿರುವಿ ನೋಡ್ದ. ಸಂಜೆಗೆ ಪುಸ್ತಕ ನೀರೊಲೆಗೆ ಹೋಯ್ತು. ಅವಳು ಇವತ್ತಿನವರೆಗೂ ನಮ್ಮ ಬೀದೀಲಿ ತಲೆ ಎತ್ತಿ ನಡೆದಿಲ್ಲ.”

ಪಕ್ಕದಲ್ಲಿ ಕೂತಿದ್ದ ಕುಣಿಗಲ್ ಕಡೆಯ ಇಂಪನಾ, ಕೆಲಸಕ್ಕೆ ಸೇರಿ ವರ್ಷವೂ ಆಗದವಳು, ಕಿವಿಯಲ್ಲಿ ಪಿಸುಗುಟ್ಟಿದಳು. “ಅಕ್ಕ, ಬಾಯಿಗೆ ಬಂದ ಹೆಸರು ಹಾಕ್ಬಿಡಿ. ಇದಕ್ಕೇನು ಗೊತ್ತಾಗುತ್ತೆ?”

“ಆಧಾರ್ ಕೇಳುತ್ತೆ ಕಣೇ. ಇಲ್ಲದವರ ಆಧಾರ್ ಎಲ್ಲಿಂದ ತರ್ಲಿ?”

ನಾಲ್ಕು ಮೂವತ್ತು. ಕರಿಬಸಮ್ಮ ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡಳು. “ಸಾರ್, ಸಿಬ್ಬಂದಿ ಎಷ್ಟು ಪುಸ್ತಕ ತಗೋಬೋದು?”

“ಲಿಮಿಟ್ ಇಲ್ಲ. ಆದ್ರೆ ಒಂದು ಕಳೆದ್ರೂ ಹೊಣೆ ನೀವೇ. ಯಾಕೆ?”

ಅವಳು ಒಂದೇ ಬೆರಳಲ್ಲಿ ಕೀಲಿಗಳನ್ನು ಹುಡುಕಿ ಹುಡುಕಿ ಒತ್ತತೊಡಗಿದಳು. ದೊಡ್ಡವರ ಅಕ್ಷರಮಾಲೆ. ಹೆಸರು: ಕರಿಬಸಮ್ಮ. ಬಸಿರು ಬಾಣಂತನದ ಆರೈಕೆ. ಹೆಸರು: ಕರಿಬಸಮ್ಮ. ವಿಚ್ಛೇದನ, ಜೀವನಾಂಶದ ಕಾನೂನು. ಹೊಲಿಗೆ ಅಂಗಡಿ ಇಡುವುದು ಹೇಗೆ. ಒಬ್ಬರೇ ಕಲಿಯುವ ಈಜು. ಪ್ರತಿ ಸಲವೂ ಪರದೆಯ ಮೇಲೆ ಬಿಳಿ ಚಕ್ರ ಗಿರಗಿರ ತಿರುಗುತ್ತಿತ್ತು, ಇನ್ನೇನು ಆಯಿತು ಅನ್ನುವಾಗ ನಿಲ್ಲುತ್ತಿತ್ತು, ಮತ್ತೆ ತಿರುಗುತ್ತಿತ್ತು. ಇಂಪನಾ ಪುಸ್ತಕದ ನಂಬರ್ ಓದಿ ಹೇಳುತ್ತಾ ಹೋದಳು. ಗುಬ್ಬಿಯ ಬಸ್ಸಿಗೆ ಬ್ಯಾಗು ಎತ್ತಿಕೊಂಡವರೂ ಬಾಗಿಲಲ್ಲೇ ನಿಂತರು.

ನಾಲ್ಕು ಐವತ್ತೇಳು. ಮೂವತ್ತು ಪುಸ್ತಕ ಆಗಿತ್ತು. ಅಷ್ಟರಲ್ಲಿ ಪರದೆಯ ನಡುವೆ ಒಂದು ಡಬ್ಬ ಪುಟಿದು ಕೂತು ಕೆಳಗಿನದ್ದೆಲ್ಲ ಮುಚ್ಚಿಬಿಟ್ಟಿತು. “ಗಾಬರಿ ಬೇಡ, ಓದಿದ್ದನ್ನ ನೋಡಿ ಓದುಗರ ಬಗ್ಗೆ ಎಐ ಅಂದಾಜು ಹೇಳುತ್ತೆ ಅಷ್ಟೇ” ಎಂದ ರವೀಶ್, ಅಭ್ಯಾಸಬಲದಿಂದ ಅದನ್ನು ಗಟ್ಟಿಯಾಗಿ ಓದತೊಡಗಿದ. “ಈ ಓದುಗರು ಇತ್ತೀಚೆಗೆ ಅಕ್ಷರ ಕಲಿತವರು. ಚೊಚ್ಚಲ ಗರ್ಭಿಣಿ…”

“ಐವತ್ತೇಳು ವರ್ಷಕ್ಕೆ ಚೊಚ್ಚಲಾ ಕರಿಬಸಮ್ಮ!” ಬಾಗಿಲ ಕಡೆಯಿಂದ ಯಾರೋ ಕೂಗಿದರು. ಹಾಲ್ ಗೊಳ್ಳೆಂದಿತು.

“ಗಂಡನಿಂದ ಬೇರೆಯಾಗುವ ದಾರಿ ಹುಡುಕುತ್ತಿದ್ದಾರೆ. ಸ್ವಂತ ಅಂಗಡಿ ಇಡುವ ಯೋಚನೆಯಿದೆ. ಯಾರಿಗೂ ತಿಳಿಯದಂತೆ ಈಜು ಕಲಿಯುವ…”

ನಗು ಒಂದೊಂದೇ ಬೆಂಚಿನಿಂದ ಇಳಿದುಹೋಯಿತು. ರವೀಶ್ ಓದುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ.

“ಮೇಡಂ… ಎಷ್ಟು ಜನ ಇದಾರೆ ಇದರಲ್ಲಿ?”

“ಒಬ್ಬಳೇ ಸಾರ್, ನಾನೇ. ಆ ಡಬ್ಬ ಪಕ್ಕಕ್ಕೆ ಸರಿಸಿ, ಇನ್ನೊಂದು ಬಾಕಿ ಐತೆ.”

ಅವನು ಸರಿಸಿದ. ಅವಳು ಕೊನೆಯ ನಂಬರ್ ಒತ್ತಿದಳು. ಹೆಸರಿನ ಜಾಗದಲ್ಲಿ ಮೂವತ್ತೊಂದನೇ ಸಲ ಕರಿಬಸಮ್ಮ ಎಂದು ಬರೆದಳು. ಚಕ್ರ ತಿರುಗಿತು, ನಿಂತಿತು, ಇನ್ನೊಮ್ಮೆ ತಿರುಗಿತು. ಐದಕ್ಕೆ ಅರ್ಧ ನಿಮಿಷ ಇರುವಾಗ ಕೆಂಪು ಪಟ್ಟಿ ಖಾಲಿಯಾಯಿತು.