ತಿಪ್ಪೆಯವನ ಹೆಸರು

"ನನ್ನ ಹೆಸರು ಮಾತ್ರ ಇಡಬೇಡ್ವೋ," ಎಂದ ಮುದುಕ ಕೊಪ್ರೇಸ್, ಮೊಮ್ಮಗನಿಗೆ ಹೆಸರಿಡುವ ದಿನದ ಬೆಳಿಗ್ಗೆ. "ನನ್ನ ಜೊತೆಗೇ ಅದೂ ಮಣ್ಣಾಗಲಿ."

ಮಗ ಥಿಯೋನ್ ಬಾಗಿಲಿಗೆ ಆಲಿವ್ ಎಲೆಗಳ ಹಾರ ಕಟ್ಟುತ್ತಿದ್ದ. "ಹಿಂದೆ ಎರಡು ಸಲವೂ ಇದನ್ನೇ ಹೇಳಿದೆ, ನಾನೂ ಕೇಳ್ದೆ. ಊರಲ್ಲೆಲ್ಲ ಮೊಮ್ಮಗನಿಗೆ ಅಜ್ಜನ ಹೆಸರಿಡ್ತಾರಪ್ಪ."

"ಊರಿನ ಅಜ್ಜಂದಿರಿಗೆ ಹೆಸರು ಅಂತ ಒಂದಿರತ್ತೆ. ನನಗಿರೋದು ನಾತ."

ಅವರ ಗ್ರೀಕ್ ಮಾತಿನಲ್ಲಿ ಕೊಪ್ರೇಸ್ ಎಂದರೆ ತಿಪ್ಪೆಯವನು. ಯಾರೋ ಬೇಡವೆಂದು ಅಲೆಕ್ಸಾಂಡ್ರಿಯದ ಬಂದರಿನ ಹಿಂದಿನ ತಿಪ್ಪೆಯಲ್ಲಿ ಬಿಟ್ಟುಹೋಗಿದ್ದ ಕೂಸನ್ನು, ಒಲೆಯ ಬೂದಿ ಸುರಿಯಲು ಬಂದ ರೊಟ್ಟಿ ಮಾರುವವಳು ಎತ್ತಿಕೊಂಡು ಹೋಗಿ ಸಾಕಿದ್ದಳು. ಹಾಗೆ ಸಿಕ್ಕಿದ ಮಕ್ಕಳಿಗೆ ಅಲ್ಲಿ ಅಂಥ ಹೆಸರೇ ರೂಢಿ. ಅವನು ಹಗ್ಗ ಹೊಸೆಯುವುದು ಕಲಿತ, ಮದುವೆಯಾದ, ಮನೆ ಮಾಡಿದ. ಹಡಗಿನವರು ಕಣ್ಣುಮುಚ್ಚಿ ಅವನ ಹಗ್ಗವನ್ನು ನಂಬಿದರು. ಅವನನ್ನು ಕರೆಯುವಾಗ ಮಾತ್ರ ಮೂಗು ಹಿಡಿದು ನಕ್ಕರು. ಅವನೂ ಅವರ ಜೊತೆ ನಗುತ್ತಿದ್ದ.

ಮಧ್ಯಾಹ್ನ ನೆಂಟರು ಬಂದರು. ಕೆಂಡದ ಮೇಲೆ ಆಕ್ಟೋಪಸ್ ಬೇಯುತ್ತಿತ್ತು. ಸೊಸೆಯ ತಾಯಿ ಡಿಯೋಡೋರ ಜೇನುತುಪ್ಪದ ರೊಟ್ಟಿ ಹಂಚುತ್ತ, "ಕ್ಲಿಯಾಂಡರ್ ಅಂತಿಡಿ. ಕೀರ್ತಿವಂತ ಅಂತ ಅರ್ಥ. ಬಾಯ್ತುಂಬ ಕರೀಬಹುದು," ಎಂದಳು.

ಮೊದಲು ತಲೆಯಾಡಿಸಿದವನು ಮುದುಕನೇ. "ಒಳ್ಳೇ ಹೆಸರು ಬೀಗಿತ್ತಿ. ನನ್ನ ಹೆಸರಿಟ್ರೆ ಇವನಿಗೆ ಹೆಣ್ಣು ಕೊಡೋಕೆ ಬಂದೋರು ಮೊದಲು ಮೂಗಿಗೆ ಬಟ್ಟೆ ಹುಡುಕ್ತಾರೆ."

ಎಲ್ಲರೂ ನಕ್ಕರು. ಮಂಚದಲ್ಲಿ ಕೂಸನ್ನು ಎದೆಗವಚಿಕೊಂಡು ಕೂತಿದ್ದ ಬಾಣಂತಿ ಹೆರೈಸ್ ನಗಲಿಲ್ಲ.

"ಮೊದಲನೆಯವನಿಗೆ ನಿಕಾನೋರ್ ಅಂತಿಟ್ವಿ. ಗೆಲ್ಲೋನು ಅಂತ. ಒಂದು ಜ್ವರಾನೂ ಗೆಲ್ಲಲಿಲ್ಲ," ಎಂದಳು. "ಎರಡನೆಯವನಿಗೆ ಪೊಲಿಕ್ರೋನ್. ದೀರ್ಘಾಯು. ಹಲ್ಲು ಬರೋ ತನಕಾನೂ ಇರಲಿಲ್ಲ."

ಡಿಯೋಡೋರ ತಟ್ಟೆಯನ್ನು ಕೆಳಗಿಟ್ಟಳು. "ಅದೆಲ್ಲ ಇವತ್ಯಾಕೆ ಮಗಳೇ?"

"ಇವತ್ತೇ ಬೇಕಮ್ಮ." ಹೆರೈಸ್ ಮಾವನ ಕಡೆ ತಿರುಗಿದಳು. "ನಿಮ್ಮನ್ನ ಸಾಯಲಿ ಅಂತಾನೇ ಬಿಟ್ಟುಹೋಗಿದ್ರು ಮಾವ. ಚಳಿ ಇತ್ತು, ನಾಯಿಗಳಿದ್ವು. ಆದ್ರೂ ನೀವು ಉಳಿದ್ರಿ. ನಿಮ್ಮ ಹೆಸರು ಕೇಳಿದಾಗೆಲ್ಲ ನಿಮಗೆ ತಿಪ್ಪೆ ನೆನಪಾಗತ್ತೇನೋ. ನನಗೆ ಎತ್ತಿಕೊಂಡ ಆ ತಾಯಿ ನೆನಪಾಗ್ತಾಳೆ. ಇವನೊಬ್ಬ ನನಗೆ ಉಳೀಬೇಕು. ನಿಮ್ಮ ಹೆಸರು ಕೊಡಿ."

ಮುದುಕ ಏನೋ ತಮಾಷೆ ಮಾಡಲು ಬಾಯಿ ತೆರೆದ. ತಮಾಷೆ ಬರಲಿಲ್ಲ. "ಬೀದಿ ಹುಡುಗರು ಇವನನ್ನ ಅಳಿಸ್ತಾರಮ್ಮ," ಎಂದ.

"ಅಳಲಿ ಮಾವ. ಅಳೋದಕ್ಕಾದ್ರೂ ಇರಲಿ."

ಥಿಯೋನ್ ಹೆಂಡತಿಯ ಕೈಯಿಂದ ಕೂಸನ್ನು ತೆಗೆದುಕೊಂಡ. ಎತ್ತಿಕೊಂಡು, ಪದ್ಧತಿಯಂತೆ ಒಲೆಯ ಸುತ್ತ ಒಂದು ಸುತ್ತು ಬಂದು, ನೆಂಟರೆದುರು ನಿಂತು, ಗಟ್ಟಿಯಾಗಿ ಹೇಳಿದ: "ಕೊಪ್ರೇಸ್."

ಡಿಯೋಡೋರ ಎದ್ದು ಹೋಗಿ ಕೂಸಿನ ಮುಖವನ್ನು ಹತ್ತಿರದಿಂದ ನೋಡಿದಳು. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, "ಆಗಲಿ ಬೀಗರೇ, ಹೆಸರು ನಿಮ್ಮದಾಯ್ತು. ಮೂಗು ಮಾತ್ರ ನಮ್ಮ ಕಡೇದು, ಹೇಳಿರ್ತೀನಿ," ಎಂದಳು. ಮನೆಯೆಲ್ಲ ಮತ್ತೆ ನಗು ತುಂಬಿತು.

ಸಂಜೆ ನೆಂಟರೆಲ್ಲ ಹೋದರು. ಮುದುಕ ಅಂಗಳದಲ್ಲಿ ಕೂತು ನಾರು ಬಿಡಿಸುತ್ತಿದ್ದ. ಒಳಗಿನಿಂದ ಕರೆದದ್ದು ಕೇಳಿಸಿತು: "ಕೊಪ್ರೇಸ್... ಓ ಕೊಪ್ರೇಸ್..."

ಆ ಹೆಸರನ್ನು ಅಷ್ಟು ಮೆತ್ತಗೆ ಕರೆಯುತ್ತಿದ್ದವಳು ಸಾಕಿದ ತಾಯಿ ಒಬ್ಬಳೇ. ಅವಳು ಹೋಗಿ ಎಷ್ಟೋ ಕಾಲವಾಗಿತ್ತು. ಮುದುಕ ಕೈಯಲ್ಲಿದ್ದ ನಾರನ್ನು ಅಲ್ಲೇ ಬಿಟ್ಟು, ಎದ್ದು, ಹೊಸಿಲ ತನಕ ಬಂದ.

"ಏನಮ್ಮ?"

ಕೂಸನ್ನು ತಟ್ಟುತ್ತಿದ್ದ ಹೆರೈಸ್ ತಲೆಯೆತ್ತಿ ನಕ್ಕುಬಿಟ್ಟಳು. "ಅಯ್ಯೋ, ನಿಮ್ಮನ್ನಲ್ಲ ಮಾವ."

ಅವನು ಹೋಗಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಅಲ್ಲೇ ಕೂತ.

"ಇರಲಿ," ಎಂದ. "ಇನ್ನೊಂದು ಸಲ ಕರಿ."