ಹಾಗಲ ಚಪ್ಪರದ ಬಾಣಂತಿ

"ಹಾಗಲಬಳ್ಳಿ ಮುಟ್ಬೇಡ ಕಣೇ, ಬಾಣಂತಿ ಇದಾಳೆ!" ಎಂದು ಇಸಿದ್ರೋ ಎರಡೂ ಕೈ ಚಾಚಿ ಚಪ್ಪರಕ್ಕೆ ಅಡ್ಡ ನಿಂತ. ಬಾಣಂತಿ ಎಂದರೆ ಒಂದು ಸೂರಕ್ಕಿ. ಚಪ್ಪರದ ತುದಿಯಲ್ಲಿ ಹರಕು ಚೀಲದಂತೆ ನೇತಾಡುತ್ತಿದ್ದ ಗೂಡಿನಲ್ಲಿ ಮರಿ ಮಾಡಿತ್ತು. ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ಇಸಿದ್ರೋಗೆ ಹಿತ್ತಲಿನ ಹಕ್ಕಿ ಹುಳುಗಳನ್ನು ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುವ ಹುಚ್ಚು ಹಿಡಿದಿತ್ತು.

ಹೆಂಡತಿ ಪುರಿತಾ ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಏರಿಸಿದಳು. "ನುಗ್ಗೆಸೊಪ್ಪಾದ್ರೂ ಕಿತ್ಕೊಳ್ಲಾ?"

"ಅದ್ರಲ್ಲಿ ಕಂಬಳಿಹುಳು ಇದಾವೆ. ಇನ್ನೊಂದು ವಾರ ತಡಿ."

"ಪಪ್ಪಾಯಿ?"

"ಬಾವಲಿ ಅರ್ಧ ತಿಂದಿದೆ. ಉಳಿದರ್ಧಕ್ಕೆ ಸಂಜೆ ಬರುತ್ತೆ, ಪಾಪ."

"ಹಾಗಾದ್ರೆ ಬರೋ ಬೀಗಿತಿಗೆ ನಿನ್ನ ನೋಟ್‌ಬುಕ್ ಹುರಿದು ಬಡಿಸ್ಲಾ, ಮುದುಕಾ?"

ಅವಳ ಸಿಟ್ಟಿಗೆ ಕಾರಣವಿತ್ತು. ಒಬ್ಬಳೇ ಮಗಳು ಲೂವಿಯ ಮದುವೆ ಮಾತು ಆರು ತಿಂಗಳಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿತ್ತು: ಮದುವೆಯಾದ ಮೇಲೆ ಇಬ್ಬರೂ ಯಾರ ಮನೆಯಲ್ಲಿರುವುದು? ಮಗಳನ್ನು ಕಳಿಸಲು ಪುರಿತಾಗೆ ಮನಸ್ಸಿಲ್ಲ. ಮದುವೆ ಹುಡುಗ ರೋಹೆಲ್ ಮನೆಯ ಕಿರಿಮಗ; ಅವನನ್ನು ಬಿಟ್ಟುಕೊಡಲು ಅವನ ತಾಯಿ ಕೊನ್ಸಿಂಗ್ ಒಪ್ಪುತ್ತಿಲ್ಲ. ಅದೊಂದನ್ನು ತೀರ್ಮಾನಿಸಲೆಂದೇ ಕೊನ್ಸಿಂಗ್ ಇವತ್ತು ಮಧ್ಯಾಹ್ನದ ಊಟಕ್ಕೆ ಬರುವವಳಿದ್ದಳು.

ಬಂದದ್ದು ಹತ್ತು ಗಂಟೆಗೇ, ಮಗನನ್ನೂ ಕರೆದುಕೊಂಡು. ನೇರ ಅಡುಗೆಮನೆಗೆ ನಡೆದಳು. ಒಲೆಯ ಮೇಲೆ ಅನ್ನ, ಭರಣಿಯಲ್ಲಿ ಹುಳಿಬರಿಸಿದ ಮೀನಿನ ಗೊಜ್ಜು. ಬೇರೇನೂ ಇಲ್ಲ.

"ಇಷ್ಟು ದೊಡ್ಡ ಹಿತ್ತಲಿದೆ, ಪಲ್ಯಕ್ಕೆ ಏನೂ ಇಲ್ವಾ?"

ಇಸಿದ್ರೋ ನೋಟ್‌ಬುಕ್ ತೆರೆದು ಬಾಣಂತಿಯಿಂದ ಬಾವಲಿಯವರೆಗೆ ಎಲ್ಲವನ್ನೂ ಓದಿಯೇಬಿಟ್ಟ. ನೆಲ ಬಾಯಿ ಬಿಡಬಾರದೇ ಎನಿಸಿತು ಪುರಿತಾಗೆ. ಕೊನ್ಸಿಂಗ್ ಲಂಗ ಎತ್ತಿ ಕಟ್ಟಿ, "ಒಂದು ಚಾಕು ಕೊಡಿ" ಎಂದಳು.

ಅವಳ ಹಿಂದೆಯೇ ಇಸಿದ್ರೋ ಜೀವ ಕೈಯಲ್ಲಿ ಹಿಡಿದು ನಡೆದ. "ಅಲ್ಲಿ ಕಪ್ಪೆ ಮೊಟ್ಟೆ ಇದೆ... ಆ ಕಡೆ ಜೇಡ..."

"ನನಗೂ ಕಣ್ಣಿದೆ, ಬೀಗರೇ."

ಬಾವಿಕಟ್ಟೆಯ ಬುಡದ ಗೋಣಿಸೊಪ್ಪು, ಬೇಲಿಗೆ ಹಬ್ಬಿದ್ದ ಕುಂಬಳದ ಕುಡಿ, ಬಚ್ಚಲ ಹಿಂದಿನ ಬಸಳೆ, ಒಂದು ಬಾಳೆಹೂವು. ಒಂದು ಜೇಡನ ಬಲೆಯೂ ಹರಿಯಲಿಲ್ಲ; ಅರ್ಧ ಗಂಟೆಯಲ್ಲಿ ಬುಟ್ಟಿ ತುಂಬಿತು.

"ಬೀಗರಿಗೆ ಬೇಲಿಸೊಪ್ಪು ಬಡಿಸೋದು ಹೇಗೆ ಅಂತ ಸುಮ್ಮನಿದ್ದೆ" ಎಂದು ಪುರಿತಾ ತೊದಲಿದಳು.

"ನಾನು ಬೆಳೆದಿದ್ದೇ ಬೇಲಿಸೊಪ್ಪಲ್ಲಿ. ಒಲೆ ದೊಡ್ಡದು ಮಾಡಿ."

ಊಟ ಚೆನ್ನಾಯಿತು. ಆದರೆ ಯಾರ ಮನೆ ಎಂಬ ಮಾತನ್ನು ಯಾರೂ ಎತ್ತಲಿಲ್ಲ. ರೋಹೆಲ್ ಇನ್ನೂ ತಟ್ಟೆ ಬಿಟ್ಟು ಎದ್ದಿರಲಿಲ್ಲ, ಲೂವಿ ಬಡಿಸುತ್ತಿದ್ದಳು. ಹಿರಿಯರು ಮೂವರೂ ಹಿತ್ತಲಿಗೆ ಬಂದರು. ಕೊನ್ಸಿಂಗ್ ಹಾಗಲ ಚಪ್ಪರದ ಮುಂದೆ ನಿಂತಳು.

"ಎಷ್ಟು ಮರಿ ಅಂತ ಬರೆದಿದೀರಿ, ಬೀಗರೇ?"

"ಒಂದೇ. ಆದ್ರೆ ಗಟ್ಟಿಮುಟ್ಟು! ಈಗ್ಲೇ ತಾಯಿಗಿಂತ ದಪ್ಪ. ಎಲ್ಲಾ ನನ್ನ ಕಾವಲು."

"ತಾಯಿಗಿಂತ ದಪ್ಪ ಇರೋದು ಸೂರಕ್ಕಿ ಮರಿ ಅಲ್ಲ. ಕೋಗಿಲೆ ಜಾತಿದು. ಇವಳ ಮೊಟ್ಟೇನೆಲ್ಲಾ ಆಚೆ ತಳ್ಳಿ ತಾನೊಬ್ನೇ ಕೂತಿದಾನೆ."

ಇಸಿದ್ರೋನ ಮುಖ ಇಳಿದುಹೋಯಿತು. ಪುರಿತಾ ಎಳೆ ಹಾಗಲಕಾಯಿಗಳ ಕಡೆ ನೋಡುತ್ತ, "ಹಾಗಾದ್ರೆ ತೆಗೆದುಬಿಡ್ಲಾ?" ಎಂದಳು.

ಅಷ್ಟರಲ್ಲಿ ಸೂರಕ್ಕಿ ಹುಳು ಕಚ್ಚಿಕೊಂಡು ಬಂತು. ಗೂಡಿನಿಂದ ಕೆಂಪು ಬಾಯೊಂದು ತೆರೆದುಕೊಂಡಿತು. ಆ ಬಾಯೊಳಗೆ ಹಕ್ಕಿ ತನ್ನ ತಲೆಯನ್ನೇ ತೂರಿಸಿ ಹುಳು ಇಟ್ಟು, ಮತ್ತೆ ಹಾರಿತು. ಮತ್ತೆ ಬಂತು. ಮತ್ತೆ ಹಾರಿತು.

ಒಳಗಿನಿಂದ ರೋಹೆಲ್‌ನ ದನಿ ಕೇಳಿಸಿತು. "ಅತ್ತೇ, ಪಾತ್ರೆ ಖಾಲಿ! ಅನ್ನ ಇನ್ನೂ ಇದ್ಯಾ?"

ಕೊನ್ಸಿಂಗ್ ಗೂಡಿನಿಂದ ಕಣ್ಣು ಕೀಳಲಿಲ್ಲ. "ಇವನಿಗೆ ಬಡಿಸಿ ಬಡಿಸಿ ನನ್ನ ಕೈ ಸೋತಿದೆ, ಬೀಗಿತಿ. ಮದುವೆ ಆದ್ಮೇಲೆ ನಿಮ್ಮನೇಲೇ ಇರ್ಲಿ."

ಪುರಿತಾ ಅನ್ನ ಇಡಲು ಓಡಿದಳು. ಖುಷಿಗೆ ಒಂದು ಚಪ್ಪಲಿ ಹಿತ್ತಲಲ್ಲೇ ಉಳಿಯಿತು. ಕೊನ್ಸಿಂಗ್ ತೋಳಿನಿಂದ ಕಣ್ಣೊರೆಸಿಕೊಂಡು ಇಸಿದ್ರೋ ಕಡೆ ತಿರುಗಿದಳು.

"ಆ ಮರಿ ಹಾರಿಹೋದ ದಿನ ಈ ಹಕ್ಕಿ ಏನು ಮಾಡುತ್ತೆ ನೋಡಿ, ಬೀಗರೇ. ನನಗೂ ಬಂದು ಹೇಳಿ."