ಎರಡನೇ ಫೋಟೊ

"ಇನ್ನು ಮೇಲೆ ಹನ್ನೊಂದು ಗಂಟೆ ಆದ್ಮೇಲೆ ಈ ಕೆರೆಯೊಳಗೆ ಯಾರನ್ನೂ ಬಿಸಿಲಲ್ಲಿ ನಿಲ್ಲಿಸೋದಿಲ್ಲಮ್ಮ, ಇದು ನನ್ನ ಮಾತು" ಎಂದು ಸ್ವರ್ಣಲತಾ ಗುರುಸಿದ್ದಮ್ಮನ ಕೈ ಹಿಡಿದು ಹೇಳಿ ಏಳು ವರ್ಷವಾಗಿತ್ತು. ಆಗ ಅವಳು ಆ ಊರಿನ ಪಂಚಾಯ್ತಿಗೆ ಹೊಸದಾಗಿ ಬಂದಿದ್ದ ಅಧಿಕಾರಿ. ಹೂಳೆತ್ತುವ ಕೆಲಸದಲ್ಲಿ ಗುರುಸಿದ್ದಮ್ಮನ ಓರಗಿತ್ತಿ ಗಂಗಾಂಬಿಕೆ ಮಧ್ಯಾಹ್ನದ ಬಿಸಿಲಿಗೆ ಮಣ್ಣಿನ ಮಂಕರಿ ಹೊತ್ತುಕೊಂಡೇ ಕುಸಿದು, ಚಾಮರಾಜನಗರದ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡಿದ್ದಳು.

ಮಾತು ಕೊಟ್ಟ ಆರೇ ತಿಂಗಳಿಗೆ ಸ್ವರ್ಣಲತಾಳಿಗೆ ವರ್ಗವಾಯಿತು. ಊರೂರು ಸುತ್ತಿ ಈಗ ಮತ್ತೆ ಅದೇ ತಾಲ್ಲೂಕಿಗೆ, ಉದ್ಯೋಗ ಖಾತ್ರಿ ಕೆಲಸಗಳನ್ನೆಲ್ಲ ನೋಡಿಕೊಳ್ಳುವ ಕುರ್ಚಿಗೆ ಬಂದಿದ್ದಳು. ಪ್ರತಿ ಇಲಾಖೆಯೂ ತನ್ನ ವಾರ್ಷಿಕ ಯೋಜನೆಯಲ್ಲಿ ಹವಾಮಾನ ಬದಲಾವಣೆಗೆಂದು ಏನಾದರೊಂದು ಸೇರಿಸಲೇಬೇಕು ಎಂದು ಸುತ್ತೋಲೆ ಬಂದಾಗ, ಉಳಿದವರೆಲ್ಲ 'ಸಸಿ ನೆಡಲಾಗುವುದು' ಎಂದು ಬರೆದು ಕೈ ತೊಳೆದುಕೊಂಡರು. ಇವಳು ಮಾತ್ರ ಹಟ ಹಿಡಿದು, 'ಮಾರ್ಚ್‌ನಿಂದ ಮೇವರೆಗೆ ಕೂಲಿ ಕೆಲಸ ಬೆಳಗ್ಗೆ ಆರರಿಂದ ಹನ್ನೊಂದು' ಎಂಬ ಸಾಲು ಹಾಕಿಸಿದಳು. ಒಂದು ಬೇಸಿಗೆ ನೋಡೋಣ, ಬಿಸಿಲಿನ ತೊಂದರೆ ನಿಜಕ್ಕೂ ದಾಖಲಾದರೆ ಮುಂದುವರಿಸೋಣ ಎಂದು ಮೇಲಿನವರು ಒಪ್ಪಿದರು.

ಏಪ್ರಿಲ್ ಎರಡನೇ ವಾರ ತೆರಕಣಾಂಬಿ ಕಡೆಯಿಂದ ವಾಪಸಾಗುವಾಗ ಅವಳಿಗೆ ಆ ಕೆರೆ ನೋಡಬೇಕೆನಿಸಿತು. ಹೊತ್ತು ಎರಡಕ್ಕೆ ಹತ್ತು ನಿಮಿಷ. ಖಾಲಿ ಕೆರೆ ಕಾಣುತ್ತದೆಂದು ಏರಿಯ ಮೇಲೆ ಜೀಪು ನಿಲ್ಲಿಸಿದರೆ, ಕೆಳಗೆ ಮೂವತ್ತು ಮೂವತ್ತೈದು ಜನ ಸಾಲಾಗಿ ನಿಂತಿದ್ದರು. ಗುದ್ದಲಿ ಇಲ್ಲ, ಮಂಕರಿ ಇಲ್ಲ. ಎದುರಿಗೆ ಅವರ ಹಾಜರಿ ನೋಡುವ ಊರಿನ ಹೆಣ್ಣುಮಗಳು ನಾಗಲಕ್ಷ್ಮಿ ಫೋನು ಹಿಡಿದು ನಿಂತಿದ್ದಳು.

"ಹನ್ನೊಂದಕ್ಕೆ ಬಿಡಬೇಕು ಅಂತ ಆರ್ಡರ್ ಬರಲಿಲ್ವಾ ನಾಗಲಕ್ಷ್ಮಿ?"

"ಬಂತು ಮೇಡಂ, ಹನ್ನೊಂದಕ್ಕೇ ಬುಟ್ಬುಟ್ಟೆ. ಇದು ಎರಡನೇ ಫೋಟೊಗೆ. ಬೆಳಗ್ಗೆ ಒಂದು, ಎರಡು ಗಂಟೆ ಮೇಲೆ ಒಂದು. ಅದಕ್ಕೂ ಮುಂಚೆ ಆ್ಯಪು ತಗೊಳಲ್ಲ. ಎರಡರಲ್ಲೂ ಮೊಖ ಇಲ್ದಿದ್ರೆ ಆ ದಿನ ಕೆಲಸಕ್ಕೇ ಬಂದಿಲ್ಲ ಅಂತ ಲೆಕ್ಕ."

ಸೆರಗನ್ನು ತಲೆ ತುಂಬ ಎಳೆದುಕೊಂಡು ನಿಂತಿದ್ದ ಗುರುಸಿದ್ದಮ್ಮ ಮುಂದೆ ಬಂದಳು. "ಮೊದ್ಲೇ ವಾಸಿಯಾಗಿತ್ತು ಕಣವ್ವ. ನಡು ಹೊತ್ನಲ್ಲಿ ಮರದ ಬುಡದಲ್ಲಿ ಮುದ್ದೆ ತಿಂದು ಒರಗ್ಕತಿದ್ದೊ. ಈಗ ನಿಮ್ ಕಾನೂನು ಮನೆಗೆ ಓಗು ಅಂತದೆ, ಈ ಫೋನು ಬಾ ಅಂತದೆ. ಎರಡು ಮೈಲಿ ಓಗಿ, ಎರಡು ಮೈಲಿ ಬಂದು, ತಿರ್ಗ ಎರಡು ಮೈಲಿ ಓಯ್ತೀವಿ."

"ಇಲ್ಲೇ ಮರದ ಕೆಳಗೆ ಇರಬಹುದಿತ್ತಲ್ಲಮ್ಮ?"

"ಇವ್ಳು ಬುಡಬೇಕಲ್ಲ! ಹೊತ್ತು ಮೀರಿ ಗೇಯಿಸ್ತಾವ್ರೆ ಅಂತ ಯಾರಾರ ಬರ್ದ್ರೆ ಮೇಡಮ್ಮುಗೆ ತೊಂದ್ರೆ ಅಂತ ಓಡುಸ್ತಾಳೆ."

"ಬಿಸಿಲಿಗೆ ಮೊಖ ಇನ್ನೂ ಕರ್ರಗಾದ್ರೆ ಫೋಟೊದಲ್ಲಿ ಗುರ್ತು ಸಿಕ್ತದಾ ಕೇಳಮ್ಮಿ" ಎಂದು ಹಿಂದಿನಿಂದ ಮುದುಕ ರಾಚಯ್ಯ ಅಂದ. ಸಾಲು ನಕ್ಕಿತು. ಸ್ವರ್ಣಲತಾ ನಗಲಿಲ್ಲ. ಅಲ್ಲಿಂದಲೇ ಕಚೇರಿಯ ಕಂಪ್ಯೂಟರ್ ನೋಡುವ ಶಿವಮೂರ್ತಿಗೆ ಫೋನ್ ಮಾಡಿದಳು.

"ಬಿಸಿಲಿನದು ಒಂದು ಫೈಲು, ಹಾಜರಿದು ಇನ್ನೊಂದು ಫೈಲು ಮೇಡಂ. ಒಂದರ ಮುಖ ಒಂದು ನೋಡಿಲ್ಲ" ಎಂದ ಅವನು. "ಎರಡನೇ ಫೋಟೊಗೆ ನೀವೇ ವಿನಾಯಿತಿ ಕೊಡಬಹುದು. ನಿಮ್ಮ ಲಾಗಿನ್‌ನಲ್ಲೇ ಇದೆ. ಕಾರಣ ಒತ್ತಿದ್ರೆ ಆಯ್ತು."

"ಏನೇನು ಕಾರಣ ಇದೆ?"

"ನೆಟ್‌ವರ್ಕ್ ಇಲ್ಲ, ಫೋನ್ ಕೆಟ್ಟಿದೆ, ಮಳೆ."

"ಮಳೆ ಇದೆ, ಬಿಸಿಲಿಲ್ವಾ?"

"ಮಳೇಲಿ ಫೋನು ನೆನೆಯುತ್ತಲ್ಲ ಮೇಡಂ."

"ಬಿಸಿಲನ್ನೂ ಸೇರಿಸಿ ಅಂತ ಮೇಲಕ್ಕೆ ಬರೆದರೆ?"

"ಬರೀರಿ. ಮಳೆಗಾಲದೊಳಗೆ ಉತ್ತರ ಬರುತ್ತೆ."

ಫೋನಿಟ್ಟು ಅವಳು ಲೆಕ್ಕ ಹಾಕಿದಳು. 'ನೆಟ್‌ವರ್ಕ್ ಇಲ್ಲ' ಎಂದು ಒತ್ತಿದರೆ ನಾಳೆಯಿಂದ ಇವರೆಲ್ಲ ಹನ್ನೊಂದಕ್ಕೆ ಮನೆ ಸೇರಿ ಅಲ್ಲೇ ಉಳಿಯುತ್ತಾರೆ. ಆದರೆ ಬಿಸಿಲಿನಿಂದ ಇಲ್ಲಿ ಯಾರಿಗೂ ಏನೂ ಆಗಲಿಲ್ಲ ಎಂದು ದಾಖಲಾಗುತ್ತದೆ, ಅಷ್ಟು ಗುದ್ದಾಡಿ ಹಾಕಿಸಿದ ಸಾಲು ಮುಂದಿನ ವರ್ಷ ಇರುವುದಿಲ್ಲ. ಒತ್ತದೆ ಸುಮ್ಮನಿದ್ದರೆ ಇವರಲ್ಲೊಬ್ಬರು ಈ ದಾರಿಯಲ್ಲಿ ಎಲ್ಲಾದರೂ ಬೀಳುತ್ತಾರೆ. ಆಗ ದಾಖಲಾಗುತ್ತದೆ.

"ಏನಂತವ್ವ?" ಎಂದಳು ಗುರುಸಿದ್ದಮ್ಮ.

"ಸುಳ್ಳು ಬರೀಬೇಕಂತೆ."

"ಅಷ್ಟೇ ತಾನೆ, ಬರ್ದಾಕು. ಇಷ್ಟ್ ವರ್ಸ ಬರ್ದೋರೆಲ್ಲ ದಿಟನೇ ಬರ್ದ್ರಾ?"

ಸ್ವರ್ಣಲತಾ ಮೇಲಕ್ಕೆ ಕಾಗದವನ್ನೂ ಬರೆದಳು, ಕಾರಣವನ್ನೂ ಒತ್ತಿದಳು. ಮೇ ಮುಗಿಯುವವರೆಗೆ ದಿನಾ ಒತ್ತಿದಳು. ಹನ್ನೊಂದರ ಮೇಲೆ ಆ ಕೆರೆಯಲ್ಲಿ ಎಮ್ಮೆಗಳು ಬಿಟ್ಟರೆ ಯಾರೂ ಇರುತ್ತಿರಲಿಲ್ಲ.

ಜೂನ್ ಸಭೆಯಲ್ಲಿ ವರದಿ ಓದಿದರು. ಬಿಸಿಲಿನಿಂದ ತೊಂದರೆಯಾದ ದಿನಗಳು ಸೊನ್ನೆ. ನೆಟ್‌ವರ್ಕ್ ಇಲ್ಲದೆ ತೊಂದರೆಯಾದ ದಿನಗಳು ನಲವತ್ತೊಂದು. ಕೆಲಸದ ಹೊತ್ತು ಬದಲಿಸುವ ಸಾಲನ್ನು ಅಗತ್ಯ ಕಂಡುಬಂದಿಲ್ಲವೆಂದು ಹೊಡೆದುಹಾಕಿ, ಆ ಜಾಗದಲ್ಲಿ ಕೆರೆಯ ಹತ್ತಿರ ಮೊಬೈಲ್ ಟವರ್‌ಗೆ ಶಿಫಾರಸು ಮಾಡಿದರು. ಸ್ವರ್ಣಲತಾ ತನ್ನ ಹೆಸರಿನ ಎದುರಿಗೆ ಸಹಿ ಹಾಕಿದಳು. ಕೊಟ್ಟ ಮಾತು ಒಂದು ಬೇಸಿಗೆ ನಡೆಯಿತು.